1914ರ ಜುಲೈ: ಮಾತುಕತೆಯಿಂದ ಮಹಾಯುದ್ಧ ನಿಲ್ಲಿಸಬಹುದಿತ್ತೇ?

ಪರ: ಖಂಡಿತ ನಿಲ್ಲಿಸಬಹುದಿತ್ತು

ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಅವನ ಹೆಂಡತಿ ಸೋಫಿ ಗುಂಡೇಟಿಗೆ ಸತ್ತದ್ದು 1914ರ ಜೂನ್ 28ರಂದು. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆಗಸ್ಟ್ 4ರಂದು. ನಡುವೆ ಐದು ವಾರಕ್ಕಿಂತ ಜಾಸ್ತಿ ಸಮಯವಿತ್ತು. ಈ ಯುದ್ಧ ಆಗಲೇಬೇಕಿತ್ತು, ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ ಅನ್ನುವವರು ಆ ಐದು ವಾರಗಳನ್ನು ಒಂದೊಂದೇ ದಿನ ಹಿಡಿದು ನೋಡಬೇಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1912ರಲ್ಲಿ ಆಗ್ನೇಯ ಯುರೋಪಿನಲ್ಲಿ ಬಾಲ್ಕನ್ ಯುದ್ಧ ಶುರುವಾದಾಗಲೂ ಹೆಚ್ಚು ಕಡಿಮೆ ಇದೇ ಸ್ಥಿತಿ ಇತ್ತು. ಸರ್ಬಿಯಾಗೆ ಸಮುದ್ರ ಸಿಗಬಾರದು ಎಂದು ಆಸ್ಟ್ರಿಯಾ ಹಟ ಹಿಡಿದಿತ್ತು. ಸರ್ಬಿಯಾದ ಬೆನ್ನಿಗೆ ರಷ್ಯಾ ನಿಂತಿತ್ತು. ಆಗ ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ದೊಡ್ಡ ದೇಶಗಳ ರಾಯಭಾರಿಗಳನ್ನು ಲಂಡನ್ನಿನಲ್ಲಿ ಕೂರಿಸಿ ತಿಂಗಳುಗಟ್ಟಲೆ ಮಾತಾಡಿಸಿದ. ಸರ್ಬಿಯಾ ಬಯಸಿದ್ದ ಕರಾವಳಿ ಅಲ್ಬೇನಿಯಾದ ಪಾಲಾಗಿ, ಅದಕ್ಕೆ ಪ್ರತ್ಯೇಕ ದೇಶದ ಮನ್ನಣೆ ಸಿಕ್ಕಿತು. ದೊಡ್ಡವರು ಒಬ್ಬರ ಮೇಲೊಬ್ಬರು ಬೀಳಲಿಲ್ಲ. 1914ರಲ್ಲೂ ಅದೇ ಗ್ರೇ ಆ ಕುರ್ಚಿಯಲ್ಲಿದ್ದ. ಜರ್ಮನಿಯ ರಾಯಭಾರಿಯಾಗಿ ಅದೇ ಲಿಖ್ನೋವ್‌ಸ್ಕಿ ಲಂಡನ್ನಿನಲ್ಲಿದ್ದ. ದಾರಿ ಗೊತ್ತಿತ್ತು, ನಡೆದು ನೋಡಿದವರೂ ಇದ್ದರು.

ಯುವರಾಜನ ಕೊಲೆಯಲ್ಲಿ ಸರ್ಬಿಯಾದ ಕೈವಾಡವಿದೆ ಎಂದು ದೂರಿದ ಆಸ್ಟ್ರಿಯಾ, ಜುಲೈ 23ರ ಸಂಜೆ ಅದಕ್ಕೆ 10 ಬೇಡಿಕೆಗಳ ಪತ್ರ ಕೊಟ್ಟು 48 ಗಂಟೆ ಗಡುವು ಹಾಕಿತು. ಸರ್ಬಿಯಾ ಬಹುಪಾಲು ಒಪ್ಪಿತು. ತನ್ನ ನೆಲದ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಕೂರುವುದು ಮಾತ್ರ ಆಗದು ಎಂದಿತು. ಸಮಾಧಾನ ಆಗದಿದ್ದರೆ ಹೇಗ್ ನ್ಯಾಯಮಂಡಳಿಗೋ ದೊಡ್ಡ ದೇಶಗಳ ಮುಂದಕ್ಕೋ ಹೋಗೋಣ ಎಂದೂ ಬರೆಯಿತು. ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಈ ಉತ್ತರ ಓದಿದ್ದು ಜುಲೈ 28ರ ಬೆಳಿಗ್ಗೆ. ಓದಿದವನೇ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಅದರ ಮೇಲೆ ಬರೆದ. ಆಸ್ಟ್ರಿಯಾ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡನ್ನು ಮಾತ್ರ ಒತ್ತೆ ಇಟ್ಟುಕೊಂಡು ಅಲ್ಲೇ ನಿಲ್ಲಲಿ ಎಂದ. ಅದೇ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಆಸ್ಟ್ರಿಯಾ ತಂತಿಯಲ್ಲಿ ಯುದ್ಧ ಸಾರಿಬಿಟ್ಟಿತು. ಕೈಸರನ ಸಲಹೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಕಡೆಗೆ ಹೊರಟದ್ದು ರಾತ್ರಿ 10 ದಾಟಿದ ಮೇಲೆ. ಈ ಕೆಲವು ಗಂಟೆಗಳ ಲೆಕ್ಕ ಹಾಕಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ರಷ್ಯಾದ ಚಕ್ರವರ್ತಿ ಝಾರ್ ನಿಕೊಲಾಸ್ ಕೂಡ ಹಿಂಜರಿದಿದ್ದ. ಇಡೀ ಸೈನ್ಯವನ್ನು ಸಜ್ಜುಗೊಳಿಸುವ ಆದೇಶವನ್ನು ಜುಲೈ 29ರ ರಾತ್ರಿ ಅವನೇ ತಡೆದ. ಮರುದಿನ ಸಚಿವರು, ಸೇನಾಧಿಕಾರಿಗಳು ಒತ್ತಾಯ ಮಾಡಿದ ಮೇಲೆ ಒಪ್ಪಿದ. ಕೈ ನಡುಗದೆ ಸಹಿ ಹಾಕಿದವರು ಆ ವಾರ ಕಡಿಮೆ.

ನನ್ನ ದೂರು ಗ್ರೇ ಮೇಲೆ. ಅವನು ಒಳ್ಳೆಯವನು, ಶಾಂತಿ ಬಯಸಿದವನು. ಆದರೆ ಜುಲೈ ಬಹುಪಾಲು ಬ್ರಿಟನ್ನಿನ ಸಂಪುಟದ ತಲೆಯಲ್ಲಿ ಐರ್ಲೆಂಡಿನ ಗಲಾಟೆಯೇ ತುಂಬಿತ್ತು. ಫ್ರಾನ್ಸ್ ಯುದ್ಧಕ್ಕೆ ಬಿದ್ದರೆ ನಾವು ಸುಮ್ನೆ ಕೂರುವುದಿಲ್ಲ ಎಂದು ಗ್ರೇ ಲಿಖ್ನೋವ್‌ಸ್ಕಿಗೆ ಬಿಡಿಸಿ ಹೇಳಿದ್ದು ಜುಲೈ 29ಕ್ಕೆ. ಅದು ಬರ್ಲಿನ್ನಿಗೆ ಮುಟ್ಟಿದ ಕೂಡಲೇ ಜರ್ಮನಿಯ ಚಾನ್ಸೆಲರ್, ಅಂದರೆ ಪ್ರಧಾನಿ, ಬೆಥ್‌ಮಾನ್ ಹಾಲ್ವೆಗ್ ಗಾಬರಿಯಾಗಿ, ಸಂಧಾನಕ್ಕೆ ಒಪ್ಪಿ ಎಂದು ನಡುರಾತ್ರಿ ಕಳೆದ ಮೇಲೆ ವಿಯೆನ್ನಾಗೆ ತಂತಿ ಕಳಿಸಿದ. ಒಂದು ಎಚ್ಚರಿಕೆಗೆ ಇಷ್ಟು ಫಲ ಸಿಕ್ಕಿತು. ಅದೇ ಮಾತು ಐದು ದಿನ ಮೊದಲು ಹೋಗಿದ್ದರೆ?

ಇದು ಯುರೋಪಿನವರ ಜಗಳ ಎಂದು ನಾವು ದೂರ ನಿಂತು ನೋಡಲೂ ಆಗದು. ಭಾರತವನ್ನು ಯಾರೂ ಕೇಳಲಿಲ್ಲ, ಆದರೂ ಯುದ್ಧಕ್ಕೆ ಸೇರಿಸಿದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲೇ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಹೈಫಾ ಊರನ್ನು ಗೆದ್ದದ್ದು ಅದೇ ಪಡೆ. ವಿಯೆನ್ನಾ-ಬೆಲ್‌ಗ್ರೇಡ್ ನಡುವಿನ ವ್ಯಾಜ್ಯಕ್ಕೆ ಮೈಸೂರಿನ ಸವಾರರು ಪ್ರಾಣ ಒತ್ತೆ ಇಡಬೇಕಾಯಿತು. ಆ ವ್ಯಾಜ್ಯ ಅಲ್ಲಲ್ಲೇ ಮುಗಿಯಬಹುದಿತ್ತು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ವಿರೋಧ: ಮಾತುಕತೆ ಸೋಲಲಿಲ್ಲ, ಅದನ್ನು ಬೇಕೆಂದೇ ಮುರಿದರು

ಮೇಲಿನ ವಾದದಲ್ಲಿ ದಿನಾಂಕಗಳೆಲ್ಲ ಸರಿ. ಆದರೆ ಅದು ಶುರುವಾಗಬೇಕಾದ ದಿನ ಜುಲೈ 23 ಅಲ್ಲ, ಜುಲೈ 5.

ಆ ದಿನ ಆಸ್ಟ್ರಿಯಾದ ರಾಯಭಾರಿ ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ ಕೈಸರನನ್ನು ಕಂಡ. ಸರ್ಬಿಯಾ ಮೇಲೆ ನೀವು ಏನು ಮಾಡಿದರೂ ಜರ್ಮನಿ ನಿಮ್ಮ ಜೊತೆಗಿದೆ, ರಷ್ಯಾ ಬಂದರೂ ಸರಿ ಎಂಬ ಭರವಸೆ ಸಿಕ್ಕಿತು. ಬ್ಲ್ಯಾಂಕ್ ಚೆಕ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಎರಡು ದಿನ ಬಿಟ್ಟು ವಿಯೆನ್ನಾದಲ್ಲಿ ಮಂತ್ರಿಗಳ ಸಭೆ ನಡೆಯಿತು. ಸರ್ಬಿಯಾ ಒಪ್ಪಲು ಸಾಧ್ಯವೇ ಇಲ್ಲದಂಥ ಬೇಡಿಕೆ ಇಡಬೇಕು, ಆಗ ಯುದ್ಧಕ್ಕೆ ದಾರಿಯಾಗುತ್ತದೆ ಎಂಬುದು ಅಲ್ಲಿದ್ದವರ ಅಭಿಪ್ರಾಯ. ಹಂಗೇರಿಯ ಪ್ರಧಾನಿ ಟಿಸಾ ಒಬ್ಬನೇ ಬೇಡ ಎಂದ. ಒಂದು ವಾರದಲ್ಲಿ ಅವನೂ ಒಪ್ಪಿದ.

ಪತ್ರ ಸಿದ್ಧವಾದ ಮೇಲೂ ತಡೆದು ಇಟ್ಟುಕೊಂಡರು. ಯಾಕೆ? ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ಆಗ ರಷ್ಯಾದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಅವನೂ ಝಾರನೂ ಕೂತು ಮಾತಾಡಿಕೊಳ್ಳಬಾರದು, ಅವನು ಹಡಗು ಹತ್ತುವ ಹೊತ್ತಿಗೆ ಪತ್ರ ಬೆಲ್‌ಗ್ರೇಡ್ ಮುಟ್ಟಬೇಕು. ಮಾತುಕತೆ ನಡೆಯದಂತೆ ಇಷ್ಟು ಜಾಗ್ರತೆಯಿಂದ ದಿನ ನೋಡಿದವರಿಗೆ ಮಾತುಕತೆ ಬೇಕಿತ್ತು ಎಂದು ಹೇಗೆ ನಂಬುವುದು?

ಉತ್ತರ ಬಂದ ಗಳಿಗೆಯನ್ನೂ ನೋಡಿ. ಜುಲೈ 25ರ ಸಂಜೆ 6ಕ್ಕೆ ಸ್ವಲ್ಪ ಮುಂಚೆ ಸರ್ಬಿಯಾದ ಪ್ರಧಾನಿ ಪಾಶಿಚ್ ತಾನೇ ಬಂದು ಉತ್ತರ ಕೊಟ್ಟ. ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಸಂಬಂಧ ಮುರಿದು ಆರೂವರೆಯ ರೈಲು ಹತ್ತಿದ. ಅವನ ಪೆಟ್ಟಿಗೆಗಳು ಮೊದಲೇ ಕಟ್ಟಿಯಾಗಿದ್ದವು. ಉತ್ತರದಲ್ಲಿ ಏನಿದ್ದರೂ ಅವನು ಆ ರೈಲು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಇನ್ನು ಗ್ರೇ ಎಷ್ಟು ಓಡಾಡಿದ ಎನ್ನುವುದು. ಜುಲೈ 26ರಂದು ಅವನು ನಾಲ್ಕು ದೇಶಗಳ ಸಭೆ ಕರೆಯೋಣ ಎಂದ. ಫ್ರಾನ್ಸ್, ಇಟಲಿ ಒಪ್ಪಿದವು, ಜರ್ಮನಿ ಒಪ್ಪಲಿಲ್ಲ. ಅವನ ಬೇರೆ ಸಲಹೆಗಳನ್ನು ಬರ್ಲಿನ್ ವಿಯೆನ್ನಾಗೆ ದಾಟಿಸಿತು. ಜೊತೆಗೆ, ಬ್ರಿಟನ್ ಮನಸ್ಸು ಕೆಡದಿರಲಿ ಎಂದಷ್ಟೇ ಕಳಿಸುತ್ತಿದ್ದೇವೆ, ನಾವು ಇದನ್ನು ಒಪ್ಪುವುದಿಲ್ಲ ಎಂದು ಆಸ್ಟ್ರಿಯಾದ ರಾಯಭಾರಿಗೆ ಗುಟ್ಟಾಗಿ ತಿಳಿಸಿತು. ನಮ್ಮಲ್ಲಿ ಕೃಷ್ಣಸಂಧಾನ ಮುರಿದು ಬಿತ್ತೆಂದು ಕೃಷ್ಣನ ಮಾತಿನಲ್ಲಿ ತಪ್ಪು ಹುಡುಕುವವರಿಲ್ಲ.

ಗ್ರೇ ಬೇಗ ಎಚ್ಚರಿಸಬೇಕಿತ್ತು ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಅವನ ಕೈಯಲ್ಲಿ ಏನಿತ್ತು? ಆಗಸ್ಟ್ ಮೊದಲ ದಿನದವರೆಗೂ ಬ್ರಿಟನ್ನಿನ ಸಂಪುಟದಲ್ಲಿ ಹೆಚ್ಚಿನವರು ಯುದ್ಧ ಬೇಡ ಎನ್ನುತ್ತಿದ್ದರು. ಸ್ವಂತ ಮಂತ್ರಿಗಳೇ ಜೊತೆಗಿಲ್ಲದ ಎಚ್ಚರಿಕೆಯನ್ನು ಜುಲೈ 24ರಂದು ಕೊಡಲು ಆಗುತ್ತಿತ್ತೇ? ಬ್ರಿಟನ್ ಸುಮ್ಮನಿರಲಾರದು ಎಂದು ಲಿಖ್ನೋವ್‌ಸ್ಕಿ ಮೊದಲಿಂದಲೂ ಬರ್ಲಿನ್ನಿಗೆ ಬರೆಯುತ್ತಲೇ ಇದ್ದ. ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈ 29ರ ರಾತ್ರಿ, ಗ್ರೇ ಎಚ್ಚರಿಕೆ ಕೈ ಸೇರುವ ಮುಂಚೆ, ನೀವು ಸುಮ್ಮನಿದ್ದರೆ ಯುರೋಪಿನಲ್ಲಿ ಫ್ರಾನ್ಸಿನ ನೆಲ ಕಿತ್ತುಕೊಳ್ಳುವುದಿಲ್ಲ ಎಂದು ಬೆಥ್‌ಮಾನ್ ಬ್ರಿಟಿಷ್ ರಾಯಭಾರಿಗೆ ಮಾತು ಕೊಟ್ಟ. ಫ್ರಾನ್ಸಿನ ಮೇಲೆ ಯುದ್ಧ ಆಗಲೇ ಅವನ ಲೆಕ್ಕದಲ್ಲಿತ್ತು ಅಲ್ವಾ?

ಸೇನಾಧಿಕಾರಿಗಳ ವಿಷಯ ಇನ್ನೂ ಕೆಟ್ಟದ್ದು. ಜುಲೈ 30ರಂದು ಬೆಥ್‌ಮಾನ್ ನಿಲ್ಲಿ ಎನ್ನುತ್ತಿದ್ದಾಗ ಜರ್ಮನ್ ದಂಡನಾಯಕ ಮೋಲ್ಟ್ಕೆ ರಷ್ಯಾ ವಿರುದ್ಧ ಸೈನ್ಯ ಸಜ್ಜು ಮಾಡಿ ಎಂದು ವಿಯೆನ್ನಾಗೆ ಹೇಳಿದ. ಬರ್ಲಿನ್ನಿನಲ್ಲಿ ಆಳುತ್ತಿರುವುದು ಯಾರು, ಮೋಲ್ಟ್ಕೆಯೋ ಬೆಥ್‌ಮಾನನೋ ಎಂದು ಆಸ್ಟ್ರಿಯಾದ ವಿದೇಶಾಂಗ ಸಚಿವನೇ ಕೇಳಿದ. ರಷ್ಯಾ ಮೇಲೂ ತಪ್ಪಿದೆ, ದೊಡ್ಡ ದೇಶಗಳಲ್ಲಿ ಮೊದಲು ಇಡೀ ಸೈನ್ಯ ಎಬ್ಬಿಸಿದ್ದು ಅದೇ. ಆದರೆ ರಷ್ಯಾ ಎದ್ದ ಕೂಡಲೇ ಬೆಲ್ಜಿಯಂ ಮೇಲಿಂದ ಫ್ರಾನ್ಸಿಗೆ ನುಗ್ಗುವ ಯೋಜನೆ ಜರ್ಮನಿಯದು. ಆಗಸ್ಟ್ 1ರಂದು ಕೈಸರನೇ, ಸೈನ್ಯವನ್ನು ಪೂರ್ವಕ್ಕೆ ತಿರುಗಿಸು ಎಂದರೂ ಮೋಲ್ಟ್ಕೆ ಆಗದು ಎಂದುಬಿಟ್ಟ.

1913ರಲ್ಲಿ ಲಂಡನ್ ಸಭೆ ಗೆದ್ದದ್ದು ನಿಜ. ಆಗ ಬರ್ಲಿನ್ ವಿಯೆನ್ನಾದ ಕೈ ಹಿಡಿದು ನಿಲ್ಲಿಸಿತ್ತು. ಸರ್ಬಿಯಾ ಜೊತೆ ಯುದ್ಧ ಬೇಡ ಎಂದು ವಿಯೆನ್ನಾದೊಳಗೇ ವಾದಿಸುತ್ತಿದ್ದವನು ಫ್ರಾಂಜ್ ಫರ್ಡಿನಾಂಡ್. 1914ರಲ್ಲಿ ಹಿಡಿಯುವ ಕೈ ಇರಲಿಲ್ಲ, ವಾದಿಸುವವನು ಕೊಲೆಯಾಗಿದ್ದ. ಜುಲೈ 25ರಂದು ರಷ್ಯಾ ಕೇಳಿದ್ದು ಒಂದೇ: ಗಡುವನ್ನು ಸ್ವಲ್ಪ ಮುಂದಕ್ಕೆ ಹಾಕಿ, ಬೇರೆ ದೇಶಗಳು ಪತ್ರ ಓದಿ ಮಾತಾಡಲಿ. ವಿಯೆನ್ನಾ ಆಗುವುದಿಲ್ಲ ಎಂದಿತು.