ಎಂಜಿನ್ನಿಗೆ ಲೈಟು, ಮನೆಗೆ ಸೆಖೆ

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಫ್ಯಾನ್ ನಿಂತಿದೆ ಅಂದರೆ ಕರೆಂಟ್ ಹೋಗಿದೆ ಅಂತಲೇ ಅರ್ಥ. ಬೇಕೂಂತಲೇ ಯಾರಾದರೂ ಬಂದ್ ಮಾಡಿ ಕೂತರೆ ಮನೆಯವರು ಮೊದಲು ಹಣೆ ಮುಟ್ಟಿ ನೋಡುತ್ತಾರೆ.

ನನ್ನ ಕಷ್ಟ ಅವರಿಗೆ ಹೇಗೆ ಗೊತ್ತಾಗಬೇಕು? ಆಟಿಕೆ ಅನ್ನಬೇಡಿ, ನನ್ನ ಟೇಬಲ್ ಮೇಲಿರೋದು 1:87 ಅಳತೆಯ, ಅಂದರೆ ನಿಜವಾದದ್ದರ 87ನೇ ಒಂದು ಪಾಲಿನ, ಮಾಡೆಲ್ ಡೀಸೆಲ್ ಎಂಜಿನ್. ಅದರ ಮೂತಿಯಲ್ಲಿ ಕೂರಿಸೋ ಎಲ್‌ಇಡಿಯ ಉದ್ದ 1.6 ಮಿಲಿಮೀಟರ್, ಅಗಲ 0.8. ಎಳ್ಳು ಇದರ ಮುಂದೆ ದಪ್ಪ. ಇದಕ್ಕೆ ಎರಡು ತೆಳು ವೈರ್ ಬೆಸುಗೆ ಹಾಕಬೇಕು. ಫ್ಯಾನ್ ಹಾಕಿದರೆ ಎಲ್‌ಇಡಿ ಹಾರಿಹೋಗುತ್ತದೆ. ಬಂದ್ ಮಾಡಿದರೆ ಮೂಗಿನ ತುದಿಯ ಬೆವರು ಇಡೀ ಟೇಬಲ್ ಬಿಟ್ಟು ಸರಿಯಾಗಿ ಅದರ ಮೇಲೇ ಬೀಳುತ್ತದೆ. ಹೊರಗೆ 42 ಡಿಗ್ರಿ, ಕೈಯಲ್ಲಿ 350 ಡಿಗ್ರಿಯ ಸೋಲ್ಡರಿಂಗ್ ಐರನ್, ಉಸಿರು ಬಿಗಿಹಿಡಿದು ಚಿಮಟದಲ್ಲಿ ಎಲ್‌ಇಡಿ ಎತ್ತಿದ್ದೇನೆ, ಅಷ್ಟರಲ್ಲಿ ಹೆಂಡತಿ ಬಂದಳು.

"ಯಾಕ್ರೀ ಫ್ಯಾನ್ ಬಂದ್ ಮಾಡೀರಿ? ಆರಾಮ್ ಇಲ್ಲೇನು?"

ಕೇಳಿದ್ದು ಆಮೇಲೆ, ಸ್ವಿಚ್ ಒತ್ತಿದ್ದು ಮೊದಲು. ಎಲ್‌ಇಡಿ ಎಲ್ಲಿ ಹೋಯಿತೋ ಆ ದೇವರೇ ಬಲ್ಲ. ಮೊಬೈಲ್ ಟಾರ್ಚ್ ಹಿಡಿದು ಎಲ್ಲರೂ ನೆಲಕ್ಕೆ ಬಗ್ಗಿದೆವು. ಕಡೆಗೆ ನಮ್ಮವ್ವ ಕಸಬರಿಗೆ ತಂದು, "ಸರೀರಿ, ಹುಡುಕೋದ್ಯಾಕ, ಗುಡಿಸಿದ್ರ ಸಿಗ್ತದ" ಅಂತ ಶುರುಮಾಡಿಯೇ ಬಿಟ್ಟರು. ಸಿಕ್ಕಿದ್ದು ಧೂಳು, ಒಂದು ಸೇಫ್ಟಿ ಪಿನ್, ಹೋದ ವರ್ಷ ಕಳೆದಿದ್ದ ಕಿವಿಯೋಲೆಯ ತಿರುಪು. ತಿರುಪು ಸಿಕ್ಕ ಖುಷಿಯಲ್ಲಿ ಎಲ್‌ಇಡಿ ಸುದ್ದಿ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲ ಯಾಕೆ ಅಂತೀರಾ? ಹಳೇ ಕಾಲದ ಮಾಡೆಲ್ ರೈಲಿನಲ್ಲಿ ಹಳಿಗೆ ಕೊಡೋ ವೋಲ್ಟೇಜ್ ಏರಿಸಿ ಇಳಿಸಿಯೇ ಓಡಿಸುತ್ತಿದ್ದರು, ಗಾಡಿ ನಿಂತರೆ ಲೈಟೂ ಆರುತ್ತಿತ್ತು. ಡಿಸಿಸಿ ಅನ್ನೋ ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎಂಜಿನ್ ಹೊಟ್ಟೆಯೊಳಗಿನ ಡಿಕೋಡರ್ ಅನ್ನೋ ಪುಟ್ಟ ಸರ್ಕ್ಯೂಟ್ ತನ್ನ ನಂಬರಿಗೆ ಬಂದ ಆಜ್ಞೆ ಓದಿಕೊಂಡು ಮೋಟರ್ ಬೇರೆ, ಲೈಟ್ ಬೇರೆ ನಡೆಸುತ್ತದೆ. ಸ್ಟೇಷನ್ನಿನಲ್ಲಿ ಲೈಟ್ ಹಾಕಿಕೊಂಡು ಸುಮ್ನೆ ನಿಂತಿರೋ ಎಂಜಿನ್ ನೋಡೋ ಸುಖಕ್ಕೆ ಇಷ್ಟು ಪಾಡು.

ಹೆಂಡತಿಯ ತಮ್ಮ ಕರೆಂಟ್ ಕೆಲಸದವನು. "ಸರೀರಿ ಮಾಮಾ, ಮೂರು ಅಂತಸ್ತಿನ ಮನಿಗೇ ವೈರಿಂಗ್ ಮಾಡೀನಿ" ಅಂತ ಕೂತ. ಅವನ ಲೆಕ್ಕದಲ್ಲಿ ಕೆಂಪು ಅಂದರೆ ಪ್ಲಸ್, ಕಪ್ಪು ಅಂದರೆ ಮೈನಸ್. ಡಿಕೋಡರಿನಲ್ಲಿ ಆ ಎರಡೂ ಹಳಿಯಿಂದ ಬರೋ ವೈರ್. ಕಿತ್ತಳೆ ಮತ್ತು ಬೂದು ಮೋಟರಿನವು. ಲೈಟಿನ ಪ್ಲಸ್ಸು ನೀಲಿ, ಮುಂದಿನ ಲೈಟಿನ ಮೈನಸ್ಸು ಬಿಳಿ, ಹಿಂದಿನದು ಹಳದಿ. ಇಷ್ಟನ್ನೂ ನಾನು ಬಾಯಿಪಾಠ ಒಪ್ಪಿಸಿದೆ. ನೀಲಿ, ಬಿಳಿ ಅನ್ನೋದನ್ನು ಹುಡುಗ ಒಪ್ಪಿಕೊಂಡ. ರೆಸಿಸ್ಟರ್ ಮಾತ್ರ ಒಪ್ಪಲಿಲ್ಲ. 12 ವೋಲ್ಟಿನಲ್ಲಿ ಬಿಳಿ ಎಲ್‌ಇಡಿಗೆ ಬೇಕಾದದ್ದು ಹೆಚ್ಚುಕಮ್ಮಿ 3, ಉಳಿದ 9 ವೋಲ್ಟನ್ನು ಹೊರೋಕೆ ಒಂದು ಕಿಲೋಓಮ್ ರೆಸಿಸ್ಟರ್ ಇರಲೇಬೇಕು, ಆಗ ಹರಿಯೋದು 9 ಮಿಲಿಆಂಪ್, ಅಂತ ನಾನು ಹೇಳುತ್ತಲೇ ಇದ್ದೆ. "ಇಷ್ಟು ಸಣ್ಣ ಬಲ್ಬಿಗೆ ಅದ್ಯಾಕ್ರೀ" ಅಂತ ಅವನು ನೇರವಾಗಿ ಹಚ್ಚಿದ. ಒಂದು ಸಲ ಫಳ್ ಅಂತು. ಆಮೇಲೆ ಎಲ್ಲರೂ ಕಿಟಕಿ ಕಡೆ ನೋಡಿದೆವು, ವಾಸನೆಗೆ.

ಮುಂದಿನ ಎಲ್‌ಇಡಿಗೆ ರೆಸಿಸ್ಟರ್ ಹಾಕಿ, ಬೆಸುಗೆಯ ಮೇಲೆ ಸ್ಲೀವ್ ಏರಿಸಿ, ಬಾಡಿ ಮುಚ್ಚಿ ಸ್ವಿಚ್ ಒತ್ತಿದರೆ ಉರಿಯಿತು. ಏನು ಉರಿಯಿತು ಅಂತೀರಿ! ಪ್ಲಾಸ್ಟಿಕ್ ಬಾಡಿ ತೆಳು, ಹೆಡ್‌ಲೈಟ್ ಒಂದೇ ಅಲ್ಲ, ಮೂತಿ, ಕ್ಯಾಬಿನ್, ಮೇಲಿನ ಚಾವಣಿ ಎಲ್ಲವೂ ಒಳಗಿನಿಂದ ಹೊಳೆಯುತ್ತಿವೆ. ಹೆಂಡತಿಗೆ ಮೊದಲ ಸಲ ನನ್ನ ಕೆಲಸ ಹಿಡಿಸಿತು.

"ಛಂದ ಕಾಣಸ್ತದ್ರಿ. ದೇವರ ಮನ್ಯಾಗ ಇಡ್ರಿ, ಅಲ್ಲಿ ಜೀರೋ ಬಲ್ಬ್ ಹೋಗ್ಯಾದ."

ಒಳಗಡೆ ಕಪ್ಪು ಬಣ್ಣ ಬಳಿದು ಆ ಬೆಳಕಿಗೆ ತಡೆ ಹಾಕಿದೆ. ದೇವರ ಮನೆಗೆ ಬೇರೆ ಬಲ್ಬ್ ತಂದೆ, ಅದು ಬೇರೆ ಮಾತು.

ಸಂಜೆ ಪ್ಲೈವುಡ್ ಮೇಲೆ ರೈಲು ಬಿಟ್ಟೆವು. ಮಗ ರಟ್ಟಿನ ಮೇಲೆ ಬರೆದು ಸ್ಟೇಷನ್ ನಿಲ್ಲಿಸಿದ್ದ, ಕಲಬುರಗಿ, ಶಹಾಬಾದ, ವಾಡಿ, ಡಬಲ್ ಲೈನ್. ನಮ್ಮೂರ ಧೂಳು ಗೊತ್ತಲ್ವಾ, ಮಧ್ಯಾಹ್ನ ಒರೆಸಿದ ಹಳಿ ಸಂಜೆಗೆ ಮತ್ತೆ ಮಸುಕು. ಚಕ್ರಕ್ಕೆ ಕರೆಂಟ್ ಸರಿಯಾಗಿ ಹತ್ತದೆ ಲೈಟು ಮಿಣಕ್ ಮಿಣಕ್ ಅನ್ನತೊಡಗಿತು. ಪಕ್ಕದ ಮನೆಯ ಕಾಕಾ ಚಹಾಕ್ಕೆ ಬಂದವರು ನೋಡುತ್ತಾ ಕೂತಿದ್ದರು. ರೈಲ್ವೆಯಲ್ಲಿ ಗಾಡಿ ಓಡಿಸಿ ರಿಟೈರ್ ಆದವರು. ತಟ್ಟನೆ ಎದ್ದು, ಎದುರು ಲೈನಿನಲ್ಲಿ ಮಗ ಓಡಿಸುತ್ತಿದ್ದ ಎರಡನೇ ಗಾಡಿಗೆ ಅಂಗೈ ಅಡ್ಡ ಹಿಡಿದರು.

"ನಿಂದ್ರಸು! ಫ್ಲ್ಯಾಶರ್ ಹೊಡೀಲತ್ತದ, ಕಾಣಂಗಿಲ್ಲೇನು?"

ನಿಜವೇ. ನಿಜವಾದ ರೈಲಿನಲ್ಲಿ ಎಂಜಿನ್ನಿನ ಫ್ಲ್ಯಾಶರ್ ಲೈಟು ಮಿನುಗಿದರೆ ಏನೋ ಅಪಾಯ ಇದೆ ಅಂತ, ಪಕ್ಕದ ಲೈನಿನಲ್ಲಿ ಬರುವ ಗಾಡಿ ನಿಲ್ಲಬೇಕು. ಧೂಳು ಕಾಕಾ, ಹಳಿ ಒರೆಸಿದರೆ ಸರಿಹೋಗುತ್ತದೆ ಅಂದೆ. ಕೇಳಿದರೆ ತಾನೆ? ರೂಲ್ ಅಂದರೆ ರೂಲ್.

"ಎಷ್ಟೊತ್ತು ನಿಲ್ಲಸ್ಬೇಕು ಮುತ್ಯಾ?" ಅಂದ ಮಗ.

"ಗಾರ್ಡ್ ಬಂದು ಹೇಳೂತನಾ."

"ಗಾರ್ಡ್ ಯಾರು?"

ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ, ಮೂಲೆಯಲ್ಲಿ ಟೆಸ್ಟರ್ ಹಿಡಿದು ಕೂತಿದ್ದ ನನ್ನ ಹೆಂಡತಿಯ ತಮ್ಮನ ಕಡೆ ಬೆರಳು ಮಾಡಿದರು. ಮೂರು ಅಂತಸ್ತಿನ ಮನೆಗೆ ವೈರಿಂಗ್ ಮಾಡಿದವನು ಬಟ್ಟೆ ತಗೊಂಡು ಕಲಬುರಗಿಯಿಂದ ವಾಡಿಯವರೆಗೆ ಹಳಿ ಒರೆಸಿದ.