ಕೇಳುವವರು ನಮ್ಮ ಮನೆಯನ್ನೂ ಕಂಡಿರಲಿ

ನಮ್ಮ ಕನ್ನಡ ಕ್ರೈಸ್ತ ಸಭೆಗಳ ಹಿರಿಯರು ಹುಡುಗರನ್ನು ಕೇಳದ ಪ್ರಶ್ನೆಯಿಲ್ಲ. ಕೆಲಸ ಸಿಕ್ಕಿತೇ, ಸಂಬಳವೆಷ್ಟು, ತಂಗಿಯ ಮದುವೆ ಎಲ್ಲಿಗೆ ಬಂತು, ಕಳೆದ ಭಾನುವಾರ ಆರಾಧನೆಗೆ ಏಕೆ ಬರಲಿಲ್ಲ, ಎಲ್ಲವನ್ನೂ ವಿಚಾರಿಸುತ್ತಾರೆ. ‘ಈ ವಾರ ದೇವರ ಮುಂದೆ ಒಬ್ಬನೇ ಕುಳಿತು ಪ್ರಾರ್ಥಿಸಿದೆಯಾ?’ ಎಂದು ಮಾತ್ರ ಕೇಳುವುದಿಲ್ಲ. ಗದಗಿನ ಪಕ್ಕದ ಬೆಟಗೇರಿಯಲ್ಲಿ ಬೆಳೆದ ನನ್ನನ್ನು ಹಾಗೆ ಮೊದಲು ಕೇಳಿದವರು, ನಾನೀಗ ಇರುವ ಅಮೆರಿಕದ ಡೆನ್ವರಿನ ಒಬ್ಬ ಅಮೆರಿಕನ್ ಹಿರಿಯರು. ಆ ಪ್ರಶ್ನೆ ನಮ್ಮ ಸಭೆಗಳಿಗೂ ಬರಬೇಕು. ಆದರೆ ಅದು ಇಲ್ಲಿಯಂತೆ ಕಾಫಿ ಅಂಗಡಿಯಲ್ಲೇ ಉಳಿಯದೆ ಮನೆಯೊಳಗೆ ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಂಬಿಕೆಯಲ್ಲಿ ಪಳಗಿದವರೊಬ್ಬರು ಎಳೆಯ ವಿಶ್ವಾಸಿಯೊಬ್ಬನ ಜೊತೆ ವಾರ ವಾರ ಕುಳಿತು ಸತ್ಯವೇದ (ಬೈಬಲ್) ಓದುವುದನ್ನೂ ಪ್ರಾರ್ಥಿಸುವುದನ್ನೂ ಕಲಿಸುವುದು ಇಲ್ಲಿ ಬೇರುಬಿಟ್ಟ ರೂಢಿ. ಇದನ್ನು ಹಬ್ಬಿಸಿದವರಲ್ಲಿ ಡಾಸನ್ ಟ್ರಾಟ್‌ಮನ್ ಮುಖ್ಯರು. 1933ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ಲೆಸ್ ಸ್ಪೆನ್ಸರ್ ಎಂಬ ನಾವಿಕನಿಗೆ ಕಲಿಸತೊಡಗಿದರು. ಸ್ಪೆನ್ಸರ್ ತನ್ನ ಹಡಗಿನ ಗೆಳೆಯನೊಬ್ಬನನ್ನು ಕರೆತಂದು ‘ಇವನಿಗೂ ಕಲಿಸಿ’ ಎಂದಾಗ ಟ್ರಾಟ್‌ಮನ್ ಒಪ್ಪಲಿಲ್ಲ, ‘ನೀನೇ ಕಲಿಸು’ ಎಂದರು. ವೆಸ್ಟ್ ವರ್ಜೀನಿಯಾ ಎಂಬ ಆ ಯುದ್ಧನೌಕೆಯಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಹರಡಿ, ಮುಂದೆ ನ್ಯಾವಿಗೇಟರ್ಸ್ ಸಂಸ್ಥೆಯಾಯಿತು. ಅದರ ಕೇಂದ್ರವಿರುವ ಕೊಲರಾಡೋ ಸ್ಪ್ರಿಂಗ್ಸ್ ಡೆನ್ವರಿಗೆ ಒಂದು ಗಂಟೆಯ ಚಿಲ್ಲರೆ ದಾರಿ. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದ ಎರಡನೆಯ ವಚನವೇ ಇವರಿಗೆ ಆಧಾರ: ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಬೋಧಿಸಲಿ.

ನನ್ನ ಹಿರಿಯರ ಅಂಗಿಯ ಜೇಬಿನಲ್ಲಿ ಸಣ್ಣ ಚೀಟಿಗಳ ಕಟ್ಟೊಂದು ಸದಾ ಇರುತ್ತದೆ. ಒಂದು ಮಗ್ಗುಲಲ್ಲಿ ವಚನ, ಇನ್ನೊಂದರಲ್ಲಿ ಅದು ಬರುವ ಅಧ್ಯಾಯದ ಅಂಕೆ. ಒಟ್ಟು 60 ವಚನಗಳು; ವಾರಕ್ಕೆ ಎರಡರಂತೆ ಬಾಯಿಪಾಠ. ಬೆರಳು ತಾಕಿ ತಾಕಿ ಚೀಟಿಗಳ ಅಂಚು ಸವೆದು ಹೋಗಿದೆ. ಅವುಗಳನ್ನು ಕಾಫಿ ಅಂಗಡಿಯ ಮೇಜಿನ ಮೇಲಿಟ್ಟು ಅವರು ಮೊದಲು ತಮ್ಮದನ್ನು ಹೇಳುತ್ತಾರೆ: ‘ನಿನ್ನೆ ಮಗನೊಂದಿಗೆ ಫೋನಿನಲ್ಲಿ ಒರಟಾಗಿ ಮಾತನಾಡಿದೆ. ಇನ್ನೂ ಕ್ಷಮೆ ಕೇಳಿಲ್ಲ.’ ಆಮೇಲೆ ‘ನಿನ್ನ ವಾರ ಹೇಗಿತ್ತು?’ ಎನ್ನುತ್ತಾರೆ. ಹಿರಿಯರು ತಮ್ಮ ತಪ್ಪನ್ನು ಕಿರಿಯನ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದನ್ನು ನಾನು ಊರಿನಲ್ಲಿ ಕಂಡವನಲ್ಲ. ಅದನ್ನು ಕೇಳಿದ ಮೇಲೆ ನನ್ನದನ್ನು ಮುಚ್ಚಿಟ್ಟುಕೊಳ್ಳಲು ಮನಸ್ಸೇ ಬರುವುದಿಲ್ಲ.

ಹಾಗೆಂದು ನಮ್ಮಲ್ಲಿ ಕಲಿಸುವಿಕೆಯೇ ಇರಲಿಲ್ಲವೆಂದರೆ ಅದು ಕೃತಘ್ನತೆ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. ಅವರಲ್ಲಿ ಬಹಳ ಮಂದಿ, ಮನೆ ಮನೆಗಳಲ್ಲಿ ಕೂಡಿ ಸತ್ಯವೇದ ಓದುವ ರೂಢಿಯಿದ್ದ ದಕ್ಷಿಣ ಜರ್ಮನಿಯ ಹಳ್ಳಿ ಪಟ್ಟಣಗಳವರು. ನಮ್ಮ ಕುಟುಂಬ ಪ್ರಾರ್ಥನೆಯ ಹಿಂದೆ ಆ ರೂಢಿಯ ನೆರಳಿದೆ ಎಂದು ನಾನು ನಂಬುತ್ತೇನೆ. ರೊಟ್ಟಿ ಬಡಿಯುವುದು ಮುಗಿದು ಒಲೆ ಆರುವ ಹೊತ್ತಿಗೆ ಅಜ್ಜಿ ಚಾಪೆ ಹಾಸುತ್ತಿದ್ದರು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬುದು ನನಗೆ ಅಕ್ಷರ ಬರುವ ಮೊದಲೇ ಬಾಯಿಗೆ ಬಂದಿತ್ತು. ಬೆಳಿಗ್ಗೆ ಜಮೀನಿನ ವಿಷಯಕ್ಕೆ ಜಗಳವಾಡಿದ್ದ ಕಾಕಾ ಮತ್ತು ಅಪ್ಪ ರಾತ್ರಿ ಅದೇ ಚಾಪೆಯ ಮೇಲೆ ಮೊಣಕಾಲೂರಬೇಕಿತ್ತು. ಇಬ್ಬರಲ್ಲಿ ಯಾರ ಪ್ರಾರ್ಥನೆ ಅಂದು ಗಂಟಲಲ್ಲೇ ನಿಂತಿತು ಎಂಬುದು ಮಕ್ಕಳಾದ ನಮಗೂ ತಿಳಿಯುತ್ತಿತ್ತು. ಇಲ್ಲಿಯವರು ಸದಾ ಉದ್ಧರಿಸುವ ಆ ಪತ್ರದಲ್ಲೇ, ಒಂದು ಅಧ್ಯಾಯ ಹಿಂದೆ, ತಿಮೊಥೆಯನ ಅಜ್ಜಿ ಲೋವಿಯೂ ತಾಯಿ ಯೂನಿಕೆಯೂ ಇದ್ದಾರೆ. ಪೌಲನ ಕೈಗೆ ಬರುವ ಮೊದಲೇ ಅವನು ಆ ಮನೆಯಲ್ಲಿ ನಂಬಿಕೆಯನ್ನು ಕಂಡು ಬೆಳೆದಿದ್ದ.

ಆದರೆ ಆ ಚಾಪೆಯ ಮೇಲೆ ಯಾವ ಹುಡುಗನೂ ‘ನನಗೆ ಪ್ರಾರ್ಥನೆ ಬೇಸರವಾಗಿದೆ, ದೇವರು ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂದು ಹೇಳಲಾರ. ಅಜ್ಜಿಯ ಮುಂದೆ ಆ ಮಾತು ಹೊರಡುವುದಿಲ್ಲ. ಅವನು ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಹೋದಾಗ ಚಾಪೆ ಊರಲ್ಲೇ ಉಳಿಯುತ್ತದೆ, ಸಂದೇಹ ಅವನ ಜೊತೆ ಹೋಗುತ್ತದೆ.

ಡೆನ್ವರಿನ ಕೊರತೆ ಬೇರೆ ತರಹದ್ದು. ನನ್ನ ಹಿರಿಯರಿಗೆ ನನ್ನ ಪ್ರಾರ್ಥನೆಗಳು ಗೊತ್ತು, ನನ್ನ ಮನೆ ಗೊತ್ತಿಲ್ಲ. ನಾನು ಹೆಂಡತಿಯೊಂದಿಗೆ ಯಾವ ದನಿಯಲ್ಲಿ ಮಾತನಾಡುತ್ತೇನೆ, ಮಕ್ಕಳು ಹಾಲು ಚೆಲ್ಲಿದರೆ ಏನು ಮಾಡುತ್ತೇನೆ ಎಂಬುದು ನಾನು ಹೇಳಿದಷ್ಟೇ ಅವರಿಗೆ ತಿಳಿಯುವುದು. ಸತ್ಯವೇದದ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಅಕ್ವಿಲನೂ ಪ್ರಿಸ್ಕಿಲ್ಲಳೂ ಅಪೊಲ್ಲೋಸನೆಂಬ ಬೋಧಕನ ಮಾತು ಸಭಾಮಂದಿರದಲ್ಲಿ ಕೇಳುತ್ತಾರೆ. ಅವನ ತಿಳಿವಳಿಕೆಯಲ್ಲಿ ಕೊರತೆ ಕಂಡರೂ ಅಲ್ಲೇ ಎಲ್ಲರೆದುರು ತಿದ್ದುವುದಿಲ್ಲ. ತಮ್ಮೊಂದಿಗೆ ಕರೆದುಕೊಂಡು ಹೋಗಿ ವಿವರಿಸುತ್ತಾರೆ. ಗಂಡ, ಹೆಂಡತಿ, ಗುಡಾರ ಕಟ್ಟುವ ಕೆಲಸ ನಡೆಯುತ್ತಿದ್ದ ಸಂಸಾರ. ಕಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಾಣೆ.

ನಮ್ಮಲ್ಲಿ ಇದನ್ನು ತರುವವರಿಗೆ ಎರಡು ಭಯಗಳಿರಬೇಕು. ಮೊದಲನೆಯದು ಬಾಯಿ. ಹುಡುಗನೊಬ್ಬ ನಂಬಿ ಹೇಳಿದ ಗುಟ್ಟು ಬುಧವಾರದ ಕೂಟದಲ್ಲಿ ‘ಪ್ರಾರ್ಥನಾ ವಿಷಯ’ವಾಗಿ ಹೊರಬೀಳುವುದನ್ನು ನಮ್ಮ ಸಭೆಗಳಲ್ಲಿ ಬೆಳೆದವರೆಲ್ಲ ಬಲ್ಲರು. ಅಂಥ ಒಂದೇ ಸಲ ಸಾಕು, ಆ ಹುಡುಗ ಮತ್ತೆ ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ. ಎರಡನೆಯದು ಅಧಿಕಾರ. 1970ರ ದಶಕದಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ‘ಶೆಪರ್ಡಿಂಗ್’ ಎಂಬ ಚಳವಳಿ ಹಬ್ಬಿತು. ಪ್ರತಿ ವಿಶ್ವಾಸಿಗೂ ಒಬ್ಬ ಮೇಲ್ವಿಚಾರಕ. ಮದುವೆ, ನೌಕರಿಯಂಥ ಸ್ವಂತ ವಿಷಯಗಳಿಗೂ ಅವನ ಒಪ್ಪಿಗೆ ಬೇಕೆನ್ನುವ ಮಟ್ಟಕ್ಕೆ ಅದು ಹೋಯಿತು. ಅದರ ನಾಯಕರಲ್ಲೊಬ್ಬರಾದ ಬಾಬ್ ಮಮ್‌ಫರ್ಡ್ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಹಿರಿಯರ ಮಾತು ಮೀರಬಾರದೆಂದು ಹುಟ್ಟಿನಿಂದ ಕಲಿತ ನಮ್ಮ ಮಕ್ಕಳ ಮೇಲೆ ಆ ದಬ್ಬಾಳಿಕೆ ಇನ್ನೂ ಸುಲಭವಾಗಿ ನಡೆದೀತು. ಅದಕ್ಕೇ ಹಿರಿಯರು ಮೊದಲು ತಮ್ಮ ತಪ್ಪು ಹೇಳಬೇಕೆಂದು ನಾನು ಹಟ ಹಿಡಿಯುವುದು. ಹಾಗೆ ಹೇಳಿಕೊಳ್ಳಲಾರದವರ ಕೈಗೆ ಯಾರ ಮಗನನ್ನೂ ಒಪ್ಪಿಸಬೇಡಿ.

ಬೆಂಗಳೂರಿನ ಕನ್ನಡ ಸಭೆಗಳು ಇದನ್ನು ಶುರುಮಾಡಬಹುದು. ಗದಗ, ಬೀದರ, ಕಲಬುರಗಿ ಕಡೆಯಿಂದ ಓದಲು, ದುಡಿಯಲು ಬಂದ ಹುಡುಗರು ಕೊನೆಯ ಬೆಂಚಿನಲ್ಲಿ ಕುಳಿತು, ಆಶೀರ್ವಾದ ಮುಗಿದೊಡನೆ ಎದ್ದು ಹೋಗುತ್ತಾರೆ. ಅವರಲ್ಲಿ ಒಬ್ಬನಿಗೆ ಒಂದು ಮನೆ ಸಿಗಲಿ. ಹುಡುಗಿಯಾದರೆ ಆ ಮನೆಯ ಹಿರಿಯ ಹೆಂಗಸು ಅವಳ ಜೊತೆ ಕೂರಲಿ. ಪೌಲನು ತೀತನಿಗೆ ಬರೆದ ಪತ್ರ ಹೇಳುವುದೂ ಅದನ್ನೇ. ತಿಂಗಳಿಗೆರಡು ಸಲ ಊಟಕ್ಕೆ ಕರೆಯಿರಿ, ಮನೆಯವರ ಪ್ರಾರ್ಥನೆಯಲ್ಲಿ ಕೂರಿಸಿಕೊಳ್ಳಿ, ಆಮೇಲೆ ಒಂದು ಗಂಟೆ ಹಿರಿಯರೂ ಅವನೂ ಮಾಳಿಗೆಯ ಮೇಲೋ ಜಗುಲಿಯ ಮೇಲೋ ಇಬ್ಬರೇ ಇರಲಿ. ವರ್ಷ ತುಂಬಿದ ಮೇಲೆ ಊರಿನಿಂದ ಬರುವ ಮುಂದಿನ ಹುಡುಗನನ್ನು ಅವನೇ ಆ ಮನೆಗೆ ಕರೆತರಲಿ, ಕಲಿಸುವುದನ್ನೂ ಅವನಿಗೇ ಬಿಡಿ.