ಹದಿನೇಳನೇ ಸಾಲು
ಮಕ್ಕಳಿಗೆ ಪಾಠದ ಸಮಯ ಯಾಕೆ ಸಾಲುತ್ತಿಲ್ಲ ಎಂದು ಚರ್ಚಿಸಲು ಮೊನ್ನೆ ನಮ್ಮ ಶಾಲೆಯ ಮೇಷ್ಟ್ರುಗಳೆಲ್ಲ ಪಾಠ ಬಿಟ್ಟು ಬೆಳಗ್ಗೆಯಿಂದ ಎರಡೂವರೆ ಗಂಟೆ ಕೂತಿದ್ದೆವು. ಇದಕ್ಕೆ ‘ದತ್ತಾಂಶ ಸಹಯೋಗ ಸಭೆ’ ಎಂದು ನಾಮಕರಣವಾಗಿದೆ. ಒಬ್ಬರು ಲ್ಯಾಪ್‌ಟಾಪ್ ತಂದಿದ್ದರು, ಇನ್ನೊಬ್ಬರು ಚಾರ್ಜರ್. ಒಂದರ ಪಿನ್ನು ಇನ್ನೊಂದಕ್ಕೆ ಕೂರಲಿಲ್ಲ. ಸಹಯೋಗ ಅಲ್ಲಿಂದಲೇ ಶುರು.

ಪರದೆ ಮೇಲೆ ಡ್ಯಾಶ್‌ಬೋರ್ಡ್, ಅಂದರೆ ಮಕ್ಕಳ ಅಂಕ, ಹಾಜರಾತಿಯ ಬಣ್ಣದ ಪಟ್ಟಿ. ಒಂದು ಮಗುವಿಗೆ ಒಂದು ಸಾಲು, ಸಾಲಿನ ತುಂಬ ಹಸಿರು, ಹಳದಿ, ಕೆಂಪು ಚೌಕಗಳು; ಕೆಂಪೆಂದರೆ ಹಿಂದುಳಿದದ್ದು. ಹದಿನೇಳನೇ ಸಾಲು ಮಾತ್ರ ಈ ತುದಿಯಿಂದ ಆ ತುದಿಗೆ ಕೆಂಪು.

‘ಯಾರ್ರೀ ಇದು ಸೆವೆಂಟೀನು?’ ಎಂದರು ಹೆಡ್‌ಮಾಸ್ಟರು.

ಯಾರಿಗೂ ಗೊತ್ತಿಲ್ಲ. ಮಕ್ಕಳ ಖಾಸಗಿತನ ಕಾಪಾಡಲು ಹೆಸರಿನ ಕಾಲಂ ಮರೆಮಾಡಲಾಗಿತ್ತು. ಅದನ್ನು ತೆರೆಯುವ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿಸಿದ್ದರು, ಆ ಮಾತು ಬೇರೆ.

ಗಣಿತದವರು ‘ಭಾಷೆಯೇ ಬರದಿದ್ದರೆ ಲೆಕ್ಕ ಹೇಗೆ ಬರುತ್ತೆ?’ ಎಂದರು. ಭಾಷೆಯವರು ಹಾಜರಾತಿ ಕಾಲಂ ಕಡೆ ಬೆರಳು ತೋರಿಸಿದರು. ಹಾಜರಾತಿ ನೋಡಿಕೊಳ್ಳುವವರು ‘ನಮ್ಮ ಸರಾಸರಿ 94 ಪರ್ಸೆಂಟ್’ ಎಂದು ಎದೆ ಉಬ್ಬಿಸಿದರು. ಈ ಸರಾಸರಿ ಬಹಳ ದಯಾಳು. 30 ಮಕ್ಕಳಲ್ಲಿ 27 ಮಂದಿ ದಿನವೂ ಬಂದು, ಉಳಿದ ಮೂವರು ಹತ್ತು ದಿನಕ್ಕೆ ನಾಲ್ಕೇ ದಿನ ಬಂದರೂ ಲೆಕ್ಕ ಸರಿಯಾಗಿ 94ಕ್ಕೇ ನಿಲ್ಲುತ್ತದೆ. ಮೂವರು ಕಣ್ಮರೆಯಾದದ್ದು ಹಸಿರು ಬಣ್ಣದಡಿ ಮುಚ್ಚಿಹೋಗುತ್ತದೆ.

ಆಮೇಲೆ ಕಾರ್ಯತಂತ್ರ. ಪಾಸಿನ ಗೆರೆಗೆ ಎರಡು ಮೂರು ಅಂಕ ಕಡಿಮೆ ಇರುವವರನ್ನು ಹಿಡಿದು ಎತ್ತಿಬಿಡಿ, ಫಲಿತಾಂಶ ಜಿಗಿಯುತ್ತದೆ ಎಂದರು. ಹದಿನೇಳು? ‘ಅಷ್ಟು ಕೆಳಗಿರೋದರ ಮೇಲೆ ಶ್ರಮ ಹಾಕಿದರೆ ಗ್ರಾಫ್ ಏಳಲ್ಲ.’ ಇದನ್ನು ನಾವೇ ಕಂಡುಹಿಡಿದೆವು ಎಂಬ ಹೆಮ್ಮೆ ಬೇಡ. ಅಮೆರಿಕದ ಟೆಕ್ಸಸ್‌ನ ಶಾಲೆಯೊಂದು ಗೆರೆ ಪಕ್ಕದ ಮಕ್ಕಳಿಗೇ ಗಮನವೆಲ್ಲ ಸುರಿದು ಉಳಿದವರನ್ನು ಹೇಗೆ ಕೈಬಿಟ್ಟಿತ್ತು ಎಂಬುದನ್ನು ಜೆನ್ನಿಫರ್ ಬೂಹರ್-ಜೆನ್ನಿಂಗ್ಸ್ ಎಂಬ ಸಮಾಜಶಾಸ್ತ್ರಜ್ಞೆ 2005ರಲ್ಲೇ ಬರೆದಿಟ್ಟಿದ್ದಾರೆ.

ನಿಜವಾದ ಸಹಯೋಗ ನೋಡಬೇಕಿದ್ದರೆ ಅದೇ ದೇಶದ ಅಟ್ಲಾಂಟಾಕ್ಕೆ ಹೋಗಬೇಕು. 2009ರ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ತಪ್ಪು ಅಳಿಸಿ ಸರಿ ಗುರುತು ಹಾಕಿದ ಗುಮಾನಿ ಎದ್ದಿತು. 2011ರ ಸರ್ಕಾರಿ ತನಿಖಾ ವರದಿ 44 ಶಾಲೆಗಳಲ್ಲಿ ಅಕ್ರಮ ನಡೆದಿದೆ ಎಂದು ಹೇಳಿ, 178 ಶಿಕ್ಷಕರು ಮತ್ತು ಪ್ರಾಂಶುಪಾಲರ ಹೆಸರು ಎತ್ತಿತು. ಕೆಲವರಂತೂ ವಾರಾಂತ್ಯದಲ್ಲಿ ಒಬ್ಬರ ಮನೆಯಲ್ಲಿ ಸೇರಿಕೊಂಡು ತಿದ್ದಿದ್ದರಂತೆ. ವಿದ್ಯಾರ್ಥಿ ದತ್ತಾಂಶವನ್ನು ಒಟ್ಟಾಗಿ ಕೂತು ಬಳಸುವುದು ಎಂದರೆ ಇನ್ನೇನು? ಒಬ್ಬರ ಕೈಲಿ ರಬ್ಬರು, ಇನ್ನೊಬ್ಬರ ಕೈಲಿ ಪೆನ್ಸಿಲು.

ಮತ್ತೆ ನಮ್ಮ ಸಭೆ. ನೀರಿನ ಜಗ್ ಇಡಲು ಬಂದ ಆಯಾ ಪರದೆ ನೋಡದೆ, ಮಾತು ಕೇಳಿಸಿಕೊಂಡೇ ನಿಂತರು. ‘ಬೆಳಗ್ಗೆ ದಿನಾ ಲೇಟಾಗಿ ಬರೋ ಹುಡುಗನಾ ಸಾರ್? ಅವರಮ್ಮನಿಗೆ ಬೆಳಗಿನ ಪಾಳಿ. ತಮ್ಮನ್ನ ಶಿಶುವಿಹಾರಕ್ಕೆ ಬಿಟ್ಟು ಬರೋ ಹೊತ್ತಿಗೆ ಮೊದಲನೇ ಪಿರಿಯಡ್ ಮುಗಿದಿರುತ್ತೆ.’

ಮೊದಲನೇ ಪಿರಿಯಡ್ ಗಣಿತ.

ಎರಡೂವರೆ ಗಂಟೆಯ ಒಗಟು ಎರಡು ವಾಕ್ಯದಲ್ಲಿ ಬಿಚ್ಚಿಕೊಂಡಾಗ ಸಭೆಗೆ ಆದದ್ದು ಮುಜುಗರ. ಕಂಪ್ಯೂಟರ್ ಮುಂದಿದ್ದವರು ಗಂಟಲು ಸರಿಮಾಡಿಕೊಂಡು, ‘ಇದನ್ನು ಎಲ್ಲಿ ಎಂಟ್ರಿ ಮಾಡಲಿ? ತಮ್ಮ ಅಂತ ಕಾಲಂ ಇಲ್ಲ’ ಎಂದರು. ‘ಇತರೆ’ಯಲ್ಲಿ ಹಾಕಿ ಎಂದೆ. ಅದರಲ್ಲಿ ಅಂಕಿ ಮಾತ್ರ ಕೂರುತ್ತದಂತೆ. ಗಣಿತವನ್ನು ಮೂರನೇ ಪಿರಿಯಡ್‌ಗೆ ತಳ್ಳಿದರೆ ಸಾಕಲ್ಲ ಎಂದರೆ, ಟೈಮ್‌ಟೇಬಲ್ ಬೇರೆ ಸಾಫ್ಟ್‌ವೇರಿನಲ್ಲಿದೆ, ಎರಡಕ್ಕೂ ಮಾತುಕತೆ ಇಲ್ಲ. ಹಾಗಾಗಿ ಅಮ್ಮ ಎಂಬ ‘ಹಿತಾಸಕ್ತರ’ ಜೊತೆ ಸಮಾಲೋಚಿಸಲು ಉಪಸಮಿತಿಯಾಯಿತು. ಆ ಅಮ್ಮನಿಗೆ ಬಿಡುವಿರುವುದು ಸಂಜೆ, ಉಪಸಮಿತಿಗೆ ಬೆಳಗ್ಗೆ. ಆಯಾ ಸಮಿತಿಯಲ್ಲಿಲ್ಲ, ಅವರಿಗೆ ಲಾಗಿನ್ ಇಲ್ಲವಲ್ಲ.

ನಾವೆಲ್ಲ ಒಳಗಿದ್ದದ್ದರಿಂದ ಅಂದು ಯಾವ ತರಗತಿಯಲ್ಲೂ ಹಾಜರಿ ಹಾಕಲಿಲ್ಲ. ಆ ಹುಡುಗ ಅವತ್ತೇ ಹೇಗೋ ಹೊತ್ತಿಗೆ ಮುಂಚೆ ಬಂದು ಮೊದಲನೇ ಬೆಂಚಿನಲ್ಲಿ ಕೂತಿದ್ದನಂತೆ. ಸಂಜೆ ಡ್ಯಾಶ್‌ಬೋರ್ಡ್ ತೆರೆದರೆ ಇಡೀ ಶಾಲೆ ಕೆಂಪು. ಕಾರಣ ಹುಡುಕಲು ಬರುವ ಮಂಗಳವಾರ ಮತ್ತೆ ಸಭೆ, ಮೊದಲನೇ ಪಿರಿಯಡ್‌ಗೇ.